ಗಾಳಿಗೆ ಬರುವ ಭಕ್ತಿ

ಗಾಳಿ ಬೀಸಿದಾಗ ಮಾತ್ರ ಭಕ್ತಿ ಬರುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ನಮ್ಮ ಹುಮನಾಬಾದಿನಲ್ಲಿ ವೈಶಾಖದ ಮಧ್ಯಾಹ್ನ ಪಶ್ಚಿಮಕ್ಕೆ ಕೆಂಪು ಧೂಳು ಎದ್ದರೆ ಸಾಕು, ವರ್ಷವಿಡೀ ಆರಾಧನೆಗೆ ಮುಖ ತೋರಿಸದವರೆಲ್ಲ ಮಂಚದ ಕೆಳಗೆ ಕುಳಿತು ‘ಸ್ವಾಮೀ, ಸ್ವಾಮೀ’ ಎಂದು ಶುರು ಮಾಡುತ್ತಾರೆ. ಗಾಳಿ ನಿಂತಿತೋ, ಬಿದ್ದ ಮಾವಿನಕಾಯಿ ಆರಿಸಲು ಓಡುತ್ತಾರೆ. ಆಮೆನ್ ಅನ್ನುವಷ್ಟೂ ಪುರುಸೊತ್ತಿರುವುದಿಲ್ಲ. ನಾನು ಕ್ರೈಸ್ತಳು, ಮೇಲೆ ಶಾಲೆಯ ಟೀಚರು. ಹಾಜರಿ ಇಲ್ಲದೆ ಪರೀಕ್ಷೆಯ ದಿನ ಬಂದು ಮೊದಲ ಬೆಂಚಿನಲ್ಲಿ ಕೂರುವವರ ಮೇಲೆ ನನಗೆ ಸಿಟ್ಟು ಬಂದರೆ ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ತೂಫಾನು ಎಂದರೆ ಸಮುದ್ರದ ಪಕ್ಕದಲ್ಲಿರುವವರ ಸೊತ್ತು. ರೇಡಿಯೋದಲ್ಲಿ ಅದರ ಸುದ್ದಿ ಬಂದಾಗ ನಾವು ಅಯ್ಯೋ ಪಾಪ ಎಂದು ಮತ್ತೊಂದು ಕಪ್ ಚಹಾ ಕುಡಿಯುತ್ತೇವೆ. ಆಂಧ್ರದ ದಂಡೆಯಲ್ಲಿ ಮನೆ ಮಠ ನುಂಗಿದ ತೂಫಾನು ತೆಲಂಗಾಣ ದಾಟಿ ನಮ್ಮಲ್ಲಿಗೆ ಮುಟ್ಟುವ ಹೊತ್ತಿಗೆ ಪಿಂಚಣಿ ಪಡೆದ ಫೌಜುದಾರನಂತೆ ಸುಮ್ಮನೆ ಗೊಣಗುತ್ತ, ನಾಲ್ಕು ಹನಿ ಉದುರಿಸಿ, ತೊಗರಿಯ ಹೂ ಕೆಡಿಸಿ ಹೋಗುತ್ತದೆ. ನಮ್ಮ ಸ್ವಂತದ ಗಾಳಿ ಬೇರೆ. ಅದು ಬೇಸಿಗೆಯಲ್ಲಿ ಹೇಳದೆ ಕೇಳದೆ ಬರುತ್ತದೆ, ಆಲಿಕಲ್ಲು ತರುತ್ತದೆ, ತಗಡು ಹಾರಿಸುತ್ತದೆ. ಅದರ ಸುದ್ದಿ ಯಾವ ರೇಡಿಯೋದಲ್ಲೂ ಬರುವುದಿಲ್ಲ.

ಆದರೆ ನಮ್ಮ ಪಾದ್ರಿಸಾಬರಿಗೆ ಸಮುದ್ರವೇ ಬೇಕು. ಯೇಸುಸ್ವಾಮಿ ದೋಣಿಯಲ್ಲಿ ಮಲಗಿದ್ದು, ಬಿರುಗಾಳಿ ಎದ್ದದ್ದು, ಶಿಷ್ಯರು ಬಾಯಿ ಬಾಯಿ ಬಡಿದುಕೊಂಡು ಎಬ್ಬಿಸಿದ್ದು, ಅವನು ಎದ್ದು ಗಾಳಿಯನ್ನು ಗದರಿದ್ದು: ಪ್ರತಿ ವೈಶಾಖದಲ್ಲೂ ಇದೇ ಬೋಧನೆ. ಕೇಳುವ ನಾವೋ, ದೋಣಿಯ ಚಿತ್ರ ಬಿಟ್ಟು ದೋಣಿ ಕಂಡವರಲ್ಲ. ನಾವು ಕಂಡ ಅತಿ ದೊಡ್ಡ ನೀರೆಂದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆ. ಅಲ್ಲಿ ಎಮ್ಮೆಗಳು ಈಜುತ್ತವೆ, ಅವಕ್ಕೆ ಭಯವೆಂಬುದೇ ಇಲ್ಲ. ಚಿಕ್ಕಂದಿನಲ್ಲಿ ನನಗೆ ಆ ಕತೆಯಲ್ಲಿ ಹಿಡಿಸುತ್ತಿದ್ದದ್ದು ಸ್ವಾಮಿಯ ನಿದ್ದೆ ಒಂದೇ. ಅಷ್ಟು ಗದ್ದಲ ಮಾಡುವ ಜನರ ನಡುವೆ ಯಾರೇ ಆದರೂ ಕಣ್ಣು ಮುಚ್ಚಿಕೊಂಡಿರುವುದೇ ಮೇಲು ಎಂದು ಈಗಲೂ ನನ್ನ ಅಭಿಪ್ರಾಯ.

ನಮ್ಮ ಪ್ರಾರ್ಥನಾಮಂದಿರ ಆಗ ಕಲ್ಲಿನ ಗೋಡೆ, ತಗಡಿನ ಮಾಡು. ಗಾಳಿಗೆ ಮಾಡು ಏಳದಿರಲೆಂದು ಹಿರಿಯರು ಒಂದು ಉಪಾಯ ಮಾಡಿದ್ದರು. ಪ್ರತಿ ತೊಲೆಗೂ ಬಾವಿಯಿಂದ ನೀರು ಸೇದುವಂಥ ದಪ್ಪ ಹಗ್ಗ ಬಿಗಿದು, ಕೆಳತುದಿಯನ್ನು ನೆಲದ ಮೇಲಿನ ದೊಡ್ಡ ಗುಂಡುಕಲ್ಲಿಗೆ ಕಟ್ಟುತ್ತಿದ್ದರು. ಜಮಖಾನದ ಮೇಲೆ ಕೂತವರ ನಡುನಡುವೆ ಈ ಹಗ್ಗಗಳು. ಮಕ್ಕಳು ಅವಕ್ಕೆ ಜೋತು ಬೀಳುವರು, ಮುದುಕಿಯರು ಅವನ್ನು ಹಿಡಿದು ಮೊಣಕಾಲೂರುವರು, ಬೋಧನೆ ಉದ್ದವಾದರೆ ನಾನು ಒರಗಿಕೊಳ್ಳುವೆನು. ಹೊಸಬರು ನಗುತ್ತಿದ್ದರು. ನಗಲಿ, ಮಾಡು ಮಾತ್ರ ಯಾವ ವೈಶಾಖಕ್ಕೂ ಹಾರಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ತಂಗಿ ಪ್ರೇಮಲಾಳ ಮದುವೆ ಅಲ್ಲೇ ಗೊತ್ತಾಯಿತು. ಅವಳಿಗೆ ಅದಕ್ಕೂ ಮೊದಲು ಕೊಡಂಬಲದ ಒಂದು ಸಂಬಂಧ ಕೂಡಿಬಂದಿತ್ತು. ಆ ಗಂಡಿನವರು ಏನೋ ನೆವ ಹೇಳಿ ‘ಮುಂದ ಹಾಕೂಣು’ ಎಂದರು, ಹಾಕಿದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಮ್ಮಲ್ಲಿ ಮುಂದೆ ಹಾಕಿದ ಮದುವೆ ಎಂದರೆ ಮುರಿದ ಮದುವೆ. ಆಮೇಲೆ ಪ್ರೇಮಲಾ ಬಾವಿಗೆ ಹೋಗುವ ಹೊತ್ತು ಬದಲಿಸಿಕೊಂಡಳು, ಹೆಂಗಸರು ಇಲ್ಲದ ಹೊತ್ತು ನೋಡಿ. ಈಗ ಗೊತ್ತಾದ ವರ ಬಸವಕಲ್ಯಾಣದ ಸುಂದರರಾಜ. ಒಳ್ಳೆಯ ಹುಡುಗ, ಆದರೆ ಬಾಯಿಯಿಲ್ಲದವನು. ಅವನ ಬಾಯಿಯೂ ಸೇರಿ ಇದ್ದದ್ದು ಅವನ ಕಾಕಾ ಯೋಹಾನಪ್ಪನಿಗೆ.

ಈ ಯೋಹಾನಪ್ಪ ಕಾಕಾ ಹಿಂದಿನ ದಿನವೇ ಬಂದಿಳಿದು ಮಂದಿರ ನೋಡಿದರು. ನೋಡಿ ಹಣೆ ಚಚ್ಚಿಕೊಂಡರು.

“ದೇವರ ಮನೀಗೆ ಹಗ್ಗ ಕಟ್ಟಿ ಕಲ್ಲ ಹೇರೂದಂದ್ರ ಏನ್ರಿ ಇದು? ದೇವರ ಮ್ಯಾಲ ಭರೋಸಾ ಇಲ್ಲೇನು ನಿಮಗ? ಫೋಟೋದಾಗ ದನದ ಕೊಟ್ಟಿಗಿ ಕಂಡಂಗ ಕಾಣ್ತದ. ಬಿಚ್ಚ್ರಿ, ಮೊದಲ ಬಿಚ್ಚ್ರಿ!”

ಗಂಡಿನ ಕಡೆಯವರು. ಅವ್ವ ತಾನೇ ಮೊದಲ ಗಂಟು ಬಿಚ್ಚಿದಳು. ಕಲ್ಲುಗಳು ಅಂಗಳಕ್ಕೆ ಹೋದವು, ಹಗ್ಗಗಳು ತೊಲೆಯ ಮೇಲೆ ಸುರುಳಿಯಾದವು, ಅವುಗಳ ಜಾಗದಲ್ಲಿ ಬಣ್ಣದ ಕಾಗದದ ಹೂಮಾಲೆ ಬಂತು. ಭರೋಸೆಯನ್ನು ಬಣ್ಣದ ಕಾಗದದಲ್ಲಿ ತೋರಿಸುವ ಕಲೆ ಆ ಮನುಷ್ಯನಿಗೆ ಎಲ್ಲಿಂದ ಬಂತೋ ಕಾಣೆ.

ಮರುದಿನ ಮಧ್ಯಾಹ್ನ ಮದುವೆ. ಪಾದ್ರಿಸಾಬರು ಪದ್ಧತಿಯಂತೆ, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬೇಕೆಂದು ಸಭೆಯನ್ನು ಕೇಳಿದರು. ಯಾರೂ ಮಾತಾಡಲಿಲ್ಲ. ಗಾಳಿ ಮಾತಾಡಿತು. ಬಾಗಿಲು ಧಡಾರನೆ ಬಡಿಯಿತು, ಕಾಗದದ ಹೂ ಹರಿದು ಹಾರಿತು, ಮಾಡಿನ ಮೇಲೆ ಆಲಿಕಲ್ಲು ಸುರಿಯತೊಡಗಿತು. ಯೋಹಾನಪ್ಪ ಕಾಕಾ ಕೈಯೆತ್ತಿ ನಿಂತರು.

“ನಿಂದ್ರಸ್ರಿ ಪಾದ್ರಿಸಾಬ್! ನೀವು ಕೇಳಿದ್ರಿ, ಮ್ಯಾಲಿನವ ಜವಾಬು ಕೊಟ್ಟ. ಇದು ದೇವರ ಇಶಾರಾ. ಅವನ ಮರ್ಜಿ ಇಲ್ಲ. ಈ ಮದುವಿ ಮುಂದ ಹಾಕೂಣು!”

ಮುಂದ ಹಾಕೂಣು! ಪ್ರೇಮಲಾಳ ಮುಖ ಸುಣ್ಣದಂತಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು.

“ಇದು ದೇವರ ಮರ್ಜಿ ಅಲ್ಲ ಕಾಕಾ, ನೀವು ಹಗ್ಗ ಬಿಚ್ಚಿಸಿದ್ದು!” ಎಂದು ಕೂಗಿದೆ. ಅಷ್ಟರಲ್ಲಿ ಮಾಡು ಒಮ್ಮೆ ಎದ್ದು ಕೂತಿತು. ಗೋಡೆಗೂ ತಗಡಿಗೂ ನಡುವೆ ಆಕಾಶ ಕಂಡಿತು.

“ಎಲ್ಲರೂ ಕೈ ಮುಗೀರಿ, ಪ್ರಾರ್ಥನಾ ಮಾಡೂಣು,” ಎಂದರು ಪಾದ್ರಿಸಾಬರು.

“ಯಾರೂ ಕೈ ಮುಗೀಬ್ಯಾಡ್ರಿ!” ಎಂದಳು ಅವ್ವ. ಅಷ್ಟು ಜೋರಿನ ದನಿ ಅವಳಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. “ಹಗ್ಗ ಹಿಡೀರಿ!”

ಮಾಣಿಕನಗರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಶರಣಪ್ಪ ಸಾವ್ಕಾರರು ಊಟಕ್ಕೆಂದು ಬಂದಿದ್ದ ಅತಿಥಿ. ಅವರು ಬೆಂಚು ಹತ್ತಿ, ಛತ್ರಿಯ ಕೊಕ್ಕೆಯಿಂದ ಹಗ್ಗಗಳನ್ನು ಒಂದೊಂದಾಗಿ ಕೆಳಗೆಳೆದರು. “ಇದು ನಿಮ್ಮ ದೇವರ ಮನಿ ಖರೇ, ಟೀಚರ್‌ಬಾಯಿ. ಆದ್ರ ತಗಡಿನ ಪತ್ರಾ ಯಾರ ತಲಿ ಮ್ಯಾಲ ಬಿದ್ರೂ ಒಂದ ಹಂಗ ಕೊಯ್ತದ!” ಎಂದು ತಾವೂ ಒಂದಕ್ಕೆ ಜೋತು ಬಿದ್ದರು. ಗಂಡಸರು, ಹೆಂಗಸರು, ಅಡಿಗೆಯವರು, ಬ್ಯಾಂಡಿನವರು, ಸಿಕ್ಕ ಹಗ್ಗಕ್ಕೆ ಸಿಕ್ಕವರು. ಸುಂದರರಾಜ ಒಂದು ಹಿಡಿದ. ಪ್ರೇಮಲಾ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ನೋಡದೆ ಮತ್ತೊಂದು ಹಿಡಿದಳು.

“ಓದ್ರಿ, ಪಾದ್ರಿಸಾಬ್,” ಎಂದಳು. “ನಾ ಇಲ್ಲೇ ಹಿಡಕೊಂಡ ನಿಂದಿರ್ತೀನಿ.”

ಪಾದ್ರಿಸಾಬರು ಓದಿದರು. ವಧುವರರಿಬ್ಬರೂ ಹಗ್ಗಕ್ಕೆ ಜೋತುಕೊಂಡೇ ಒಪ್ಪಿಗೆ ಹೇಳಿದರು. ತಾಳಿ ಕಟ್ಟುವ ಹೊತ್ತು ಬಂತು ನೋಡಿ, ತೊಡಕು ಅಲ್ಲಿ. ತಾಳಿ ಕಟ್ಟಲು ಎರಡು ಕೈ ಬೇಕು, ಸುಂದರರಾಜನ ಎರಡೂ ಕೈ ಹಗ್ಗದಲ್ಲಿ. ಪಾದ್ರಿಸಾಬರನ್ನು ಬಿಟ್ಟರೆ ಇಡೀ ಮಂದಿರದಲ್ಲಿ ಖಾಲಿಯಿದ್ದ ಕೈಗಳು ಯೋಹಾನಪ್ಪ ಕಾಕಾನವು. ಅವು ಭದ್ರವಾಗಿ ಮುಗಿದಿದ್ದವು.

“ಕಾಕಾ, ಹಗ್ಗ ಹಿಡೀರಿ,” ಎಂದೆ. ಅವರು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡರು. ಹಿಡಿದರೆ ಮದುವೆಗೆ ಒಪ್ಪಿದಂತೆ. ದೇವರ ಇಶಾರೆಯನ್ನು ಅಷ್ಟು ಜೋರಾಗಿ ಓದಿ ಹೇಳಿದವರು ಹೇಗೆ ಹಿಡಿದಾರು?

ಆಗ ಬಾಯಿಯಿಲ್ಲದ ಸುಂದರರಾಜ ಬಾಯಿಬಿಟ್ಟ. “ಕಾಕಾ, ನಾ ಹಗ್ಗ ಬಿಡಾಕತ್ತೇನಿ. ಹಿಡಿಯೂದು ಬಿಡೂದು ನಿಮ್ಮ ಮರ್ಜಿ.”

ಬಿಟ್ಟೇಬಿಟ್ಟ. ತೊಲೆ ನರಳಿತು, ಕಾಕಾನ ತಲೆಯ ನೇರಕ್ಕೆ ಒಂದು ತಗಡು ಕಿತ್ತು ಹೋಯಿತು. “ಸ್ವಾಮೀ, ಬಿಡಬ್ಯಾಡ!” ಎಂದು ಯಾರೋ ಕಿರುಚಿದರು. ಆ ಯಾರೋ ನಾನೇ. ವರ್ಷವರ್ಷ ಯಾರನ್ನು ಆಡಿಕೊಂಡು ನಕ್ಕಿದ್ದೆನೋ ಅವರ ಮಾತೇ ನನ್ನ ಬಾಯಲ್ಲಿ. ಹೆದರಿದ್ದೆ. ಮಾಡಿಗಿಂತ ಹೆಚ್ಚಾಗಿ, ತಂಗಿ ಮತ್ತೆ ಹೊತ್ತಲ್ಲದ ಹೊತ್ತಿನಲ್ಲಿ ಬಾವಿಗೆ ಹೋಗಬೇಕಾದೀತೆಂದು ಹೆದರಿದ್ದೆ. ಕೈಯಲ್ಲಿ ಹಗ್ಗ ನಡುಗುತ್ತಿತ್ತು. ಹಾಗೆ ನಡುಗುತ್ತಿರುವಾಗಲೇ, ಮೇಲಿನ ತುದಿಯನ್ನೂ ಯಾರೋ ಹಿಡಿದಿದ್ದಾರೆ ಅನ್ನಿಸಿತು. ಅಂಥ ಸಮಾಧಾನ ನನಗೆ ಯಾವ ಬೋಧನೆಯಿಂದಲೂ ಸಿಕ್ಕಿರಲಿಲ್ಲ. ಇದನ್ನು ಭಕ್ತಿ ಎನ್ನುವುದಾದರೆ ನೀವು ಅನ್ನಿ, ನನಗೆ ಹೇಳಲು ನಾಚಿಕೆ.

ಕಣ್ಣು ತೆರೆದಾಗ ಕಾಕಾ ಹಗ್ಗಕ್ಕೆ ಜೋತು ಬಿದ್ದಿದ್ದರು, ಅಂಗಾಲು ನೆಲಕ್ಕೆ ಮುಟ್ಟುತ್ತಲೂ ಇರಲಿಲ್ಲ. ಪ್ರೇಮಲಾಳ ಕೊರಳಲ್ಲಿ ತಾಳಿಯಿತ್ತು.

ಸಂಜೆ ಊಟಕ್ಕೆ ಕುಳಿತಾಗ ಕಾಕಾನ ದನಿಯೇ ಎಲ್ಲರಿಗಿಂತ ದೊಡ್ಡದು. “ನಾ ಹಿಡೀದಿದ್ರ ಇವತ್ತ ಪತ್ರಾ ಬಸವಕಲ್ಯಾಣಕ್ಕ ಹೋಗಿರ್ತಿತ್ತು! ವಿಶ್ವಾಸ ಬೇಕ್ರಿ, ವಿಶ್ವಾಸ!” ಹಾರಿಹೋದ ತಗಡನ್ನು ಶರಣಪ್ಪ ಸಾವ್ಕಾರರು ಮರುದಿನ ತಮ್ಮ ಅಂಗಡಿಯ ಹಿಂದಿನಿಂದ ಹೊತ್ತು ತಂದು ಒಪ್ಪಿಸಿದರು; ಅವರು ವಿಶ್ವಾಸದ ಮಾತೇ ಎತ್ತಲಿಲ್ಲ.

ಈಗ ಮಂದಿರಕ್ಕೆ ಸಿಮೆಂಟಿನ ಸ್ಲ್ಯಾಬು ಬಿದ್ದಿದೆ. ಹಗ್ಗಗಳಿಲ್ಲ. ಗಾಳಿ ಬಂದರೆ ಎಲ್ಲರೂ ಆರಾಮಾಗಿ ಕೈಮುಗಿದು ಕೂರುತ್ತಾರೆ, ಪಾದ್ರಿಸಾಬರು ದೋಣಿಯ ಕತೆ ಹೇಳುತ್ತಾರೆ, ನಾನು ಒರಗಲು ಜಾಗವಿಲ್ಲದೆ ಒದ್ದಾಡುತ್ತೇನೆ. ಕಳೆದ ವೈಶಾಖದಲ್ಲಿ ಪ್ರೇಮಲಾಳ ಮೊಮ್ಮಗಳ ದೀಕ್ಷಾಸ್ನಾನ ಇಲ್ಲೇ ಆಯಿತು; ಯೋಹಾನಪ್ಪ ಕಾಕಾ ಕೋಲೂರಿಕೊಂಡು ಬಂದಿದ್ದರು. ಪ್ರಾರ್ಥನೆಯ ಹೊತ್ತಿಗೆ ಹೊರಗೆ ಗಾಳಿ ಎದ್ದಿತು. ನಾನು ಕೈ ಮುಗಿಯಹೋದೆ. ಅಂಗೈಗೆ ಅಂಗೈ ಕೂಡಲಿಲ್ಲ. ಮುಷ್ಟಿಯ ಮೇಲೊಂದು ಮುಷ್ಟಿ ಬಂದು ಬಿಗಿಯಿತು. ಯಾರಾದರೂ ನೋಡಿದರೇನೋ ಎಂದು ಓರೆಗಣ್ಣಿನಲ್ಲಿ ಅತ್ತ ನೋಡಿದೆ. ಗಂಡಸರ ಸಾಲಿನಲ್ಲಿ ಕಾಕಾ ಕಣ್ಣು ಮುಚ್ಚಿ ಕುಳಿತಿದ್ದರು, ಮುಷ್ಟಿಯ ಮೇಲೆ ಮುಷ್ಟಿ ಇಟ್ಟುಕೊಂಡು.