ಶಿಫಾರಸು ಕೇಳಲು ಹೋಗಿದ್ದೆ

ಸ್ನೇಹಿತರೇ, ಡಿಗ್ರಿ ಮುಗಿಸಿ ಎಂಟು ತಿಂಗಳಾದರೂ ಕೆಲಸ ಸಿಗದ ನನ್ನನ್ನು ಅಪ್ಪ ಇವತ್ತು ಗೋವಿಂದರಾಜನಗರದ ತಮ್ಮ ಗೆಳೆಯರ ಮನೆಗೆ ಕಳಿಸಿದರು. "ದೊಡ್ಡ ಕಂಪನಿಯವ್ರೆಲ್ಲ ಅವ್ರಿಗೆ ಗೊತ್ತು ಕಣೇ, ಒಂದು ಫೋನ್ ಸಾಕು!"

ಅಂಕಲ್ ಕಾಫಿ ಕೊಟ್ಟರು. ನನ್ನ ರೆಸ್ಯೂಮೆಯನ್ನು ಮದುವೆ ಪತ್ರಿಕೆಯಂತೆ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಒಳಗಿನಿಂದ ಇನ್ನೊಂದು ರೆಸ್ಯೂಮೆ ತಂದು ನನ್ನ ಕೈಗಿತ್ತರು.

"ನಮ್ಮ ಮಗಳದ್ದಮ್ಮ. ಅವಳೂ ಈಗ್ತಾನೆ ಮುಗಿಸಿದಾಳೆ. ನಿನ್ನ ಫ್ರೆಂಡ್ಸೆಲ್ಲ ಒಳ್ಳೊಳ್ಳೆ ಕಂಪನೀಲಿದಾರೆ ಅಂತ ನಿಮ್ಮಪ್ಪ ಹೇಳಿದ್ರು. ಸ್ವಲ್ಪ ಹೇಳ್ಬಿಡಮ್ಮ."

ನಾನು ಗಂಭೀರವಾಗಿ ತಲೆಯಾಡಿಸಿ, "ನೋಡ್ತೀನಿ ಅಂಕಲ್, ಒಂದು ಮೇಲ್ ಹಾಕೋಕೆ ಹೇಳಿ" ಎಂದೆ.

ಇಷ್ಟು ದಿನ ಎಲ್ಲರೂ ನನಗೆ ಹೇಳುತ್ತಿದ್ದ ಮಾತದು. ಹೇಳುವವರಿಗೆ ಅದು ಇಷ್ಟು ಹಿತವಾಗಿರುತ್ತದೆ ಎಂದು ಇವತ್ತೇ ಗೊತ್ತಾಯಿತು.