ಒಂಬತ್ತು ದಸರೆಯ ಬನ್ನಿ

“ಅಕ್ಕಾ, ನನ್ನ ಬಾಯಿಗೆ ಬೀಗ ಹಾಕವರು ಯಾರೂ ಇಲ್ಲ ನೋಡು. ಎಂಟು ದೇಶದ ಪೊಲೀಸ್ ಸಾಹೇಬರು ಕುಂತಿದ್ರು. ಜಗಳ ಹುಟ್ಟೋಕಿಂತ ಮೊದಲ ಹೆಂಗ ತಡೀಬೇಕು ಅಂತ ಮಂದಾಕಿನಿ ಮೇಡಂ ಪಾಠ ಮಾಡಾಕತ್ತಿದ್ರು. ನಾ ಚಹಾ ಇಟ್ಟು ಸುಮ್ಮನ ಹೊರಗ ಬರಬೇಕಿಲ್ಲೋ? ‘ನಿಮ್ಮ ಮಂದ್ಯಾಗ ಹೆಂಗ ರಾಜಿ ಆಕ್ಕಾರ, ಅಮರೇಶಪ್ಪ?’ ಅಂತ ಮೇಡಂ ಹಿಂದ್ಯಾಗ ಕೇಳಿದ್ರು. ಕೆಟಲ್ ಕೆಳಗಿಟ್ಟು ಭಾಷಣ ಹೊಡದೆ. ದಸರಾದಾಗ ಸಣ್ಣಾವ ದೊಡ್ಡಾವಗ ಬನ್ನಿ ಎಲಿ ಕೊಟ್ಟು ಕಾಲಿಗೆ ಬೀಳ್ತಾನ, ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತಾನ, ವರ್ಷದ ಸಿಟ್ಟು ಅಲ್ಲಿಗೆ ಮುಗೀತು ಅಂದೆ. ಚಪ್ಪಾಳಿ ಹೊಡದ್ರು. ಗಡಿ ಮ್ಯಾಲ ಬಡಿದಾಡೋ ಎರಡು ದೇಶದ ಇಬ್ಬರು ಆಜೂಬಾಜೂ ಕುಂತಿದ್ರು. ಅವರಾಗ ಎತ್ತರದಾಕಿ ಒಬ್ಬಾಕಿ, ‘ಈ ಸಲ ನಿಮ್ಮ ಮನ್ಯಾಗ ಯಾರ ರಾಜಿ?’ ಅಂದ್ಳು. ಸೋಮಣ್ಣನ ಜೋಡಿ ಒಂಬತ್ತು ವರ್ಷದಿಂದ ಮಾತಿಲ್ಲ ಅಂತ ಹೆಂಗ ಹೇಳ್ಲಿ? ‘ನಂದು, ನನ್ನ ತಮ್ಮಂದು’ ಅಂದುಬಿಟ್ಟೆ. ಈಗ ಆ ಇಬ್ಬರೂ ನೋಡಾಕ ಮನೀಗೆ ಬರ್ತಾರಂತ. ಲೋಕಕ್ಕೆಲ್ಲ ಶಾಂತಿ ಹೇಳೋ ಅಮರೇಶಪ್ಪನ ಮಾರಿ ನೋಡಾಕ.”

ಅಮರೇಶಪ್ಪ ನನ್ನ ದೊಡ್ಡ ತಮ್ಮ. ಗಚ್ಚಿಬೌಲಿಯ ಒಂದು ತರಬೇತಿ ಕೇಂದ್ರದಲ್ಲಿ ಚಹಾ ಮಾಡುತ್ತಾನೆ. ಸಣ್ಣವನಾದ ಸೋಮಣ್ಣನಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಆ ನಿಲ್ದಾಣ ಶಂಶಾಬಾದಿಗೆ ಹೋದ ಮರುವರ್ಷದ ಮಾತು ಇದು. ಅದಕ್ಕೆ ಒಂಬತ್ತು ವರ್ಷ ಮೊದಲು, ಮೆಹದಿಪಟ್ಟಣದಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಇವರಿಬ್ಬರೂ ನಡುವೆ ಗೋಡೆ ಎಬ್ಬಿಸಿದಾಗ ಅವ್ವನ ಬಟ್ಟೆ ಒಗೆಯುವ ಕಲ್ಲು ಅಮರೇಶಪ್ಪನ ಹಿತ್ತಲಿಗೆ ಬಂತು. “ನನ್ನ ಹೆಂಡ್ತಿ ಬಂದು ಒಗಕೋತಾಳ” ಎಂದ ಸೋಮಣ್ಣ. “ಮುಂಬಾಗಿಲಿಗೆ ಬಂದು ಕೇಳಲಿ” ಎಂದ ಇವನು. ಮಾತು ನಿಂತದ್ದು ಅಂದೇ.

ಗಂಡ ಹೋದ ಮೇಲೆ ನಾನು ಒಂದು ತಿಂಗಳು ಗೋಡೆಯ ಈಚೆ, ಒಂದು ತಿಂಗಳು ಆಚೆ. ಓದಿದ್ದು ಮೂರನೇ ಇಯತ್ತೆ. ಆದರೆ ಕಿವಿಗೆ ಬಿದ್ದದ್ದನ್ನು ಬಾಯಿಗೆ ತರುವವಳಲ್ಲ ಎಂಬ ಹೆಮ್ಮೆ ಮಾತ್ರ ದೊಡ್ಡದು. ಪ್ರತಿ ದಸರೆಗೆ ಅಮರೇಶಪ್ಪ ಹೊಸ ಧೋತರ ಉಟ್ಟು ದೀಪ ಹಚ್ಚುವ ಹೊತ್ತಿನವರೆಗೆ ತಮ್ಮನ ದಾರಿ ಕಾಯುತ್ತಿದ್ದ. ದೊಡ್ಡವನು ತಾನಾಗಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಗೋಡೆಯ ಆಚೆ ಸೋಮಣ್ಣ ಎಲೆ ಹಿಡಿದು ಕೂತಿರುತ್ತಿದ್ದ. ಅಣ್ಣ ಬಾಗಿಲು ಹಾಕಿಕೊಂಡರೆ ಎಂಬ ಅಂಜಿಕೆ ಅವನಿಗೆ. “ಯಾರಿಗೂ ಹೇಳಬ್ಯಾಡಕ್ಕ” ಎಂದು ಇಬ್ಬರೂ ಅಂದಿದ್ದರು. ನಾನು ಹೇಳಲಿಲ್ಲ. ಅದನ್ನೇ ದೊಡ್ಡ ಗುಣ ಎಂದುಕೊಂಡಿದ್ದೆ.

ಆ ದಸರೆಯ ಸಂಜೆ ಮಂದಾಕಿನಿ ಮೇಡಂ ಎತ್ತರದ ಹೆಣ್ಣುಮಗಳನ್ನೂ ಪಕ್ಕದ ದೇಶದ ದಪ್ಪ ಮೀಸೆಯವನನ್ನೂ ಕರೆತಂದರು. ಪದ್ಧತಿ ಬಿಟ್ಟು ಅಮರೇಶಪ್ಪನೇ ಬನ್ನಿಯ ಟೊಂಗೆ ಹಿಡಿದು ತಮ್ಮನ ಬಾಗಿಲು ಬಡಿದ. ಹಿಂದೆ ನಾವೆಲ್ಲ.

ಸೋಮಣ್ಣ ನೋಡಿದ. “ಏನಪಾ, ಪರದೇಶದವರ ಮುಂದ ನಾಟಕ ಆಡಾಕ ಬಂದಿಯೇನು? ಫೋಟೋ ತೆಗಸ್ಕೊಂಡು ಹೋಗು” ಎಂದು ಬಾಗಿಲು ಮುಂದಕ್ಕೆ ತಳ್ಳಿದ. ಅಮರೇಶಪ್ಪನ ಕೈ ಕೆಳಗಿಳಿಯಿತು.

ನನಗೆ ತಡೆಯಲಾಗಲಿಲ್ಲ. “ಸೋಮಣ್ಣ, ಪ್ರತಿ ದಸರಾಕ್ಕ ಇವ ನಿನ್ನ ದಾರಿ ಕಾಯ್ತಾನ. ಅಮರಾ, ಅವನೂ ಎಲಿ ಹಿಡಕೊಂಡು ಕುಂತಿರ್ತಾನ.”

ಇಬ್ಬರೂ ನನ್ನ ಕಡೆ ತಿರುಗಿದರು.

“ನಿನಗ ಗೊತ್ತಿತ್ತೇನಕ್ಕ?”

“ಒಂಬತ್ತು ವರ್ಷ ಗೊತ್ತಿತ್ತೇನು?”

“ನೀವ ಹೇಳಬ್ಯಾಡ ಅಂದಿದ್ರಿ.”

“ನಮ್ಮ ಮಾತು ಯಾವಾಗ ಕೇಳೀದಿ ನೀ? ಇದೊಂದ ಕೇಳಬೇಕಿತ್ತೇನು?”

ತಮ್ಮಂದಿರು ಒಂದಾದದ್ದು ನನ್ನನ್ನು ಬೈಯುವುದಕ್ಕೆ. ಕನ್ನಡ ಬಾರದ ಮೇಡಂ, ಜಗಳ ಹೊತ್ತಿಕೊಂಡಿತೆಂದು ಅತಿಥಿಗಳನ್ನು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಸೋಮಣ್ಣ ಒಳಗಿಂದ ತನ್ನ ಎಲೆ ತಂದು ಅಣ್ಣನ ಕೈಗಿಟ್ಟು ಕಾಲಿಗೆ ಬಿದ್ದ. ಅತಿಥಿಗಳಿಗೂ ಒಂದೊಂದು ಎಲೆ ಕೊಟ್ಟೆವು. ಯಾರು ಯಾರಿಗೆ ಬಗ್ಗಬೇಕು ಎಂದು ಅವರಿಬ್ಬರೂ ಮುಖ ಮುಖ ನೋಡತೊಡಗಿದಾಗ ಅಮರೇಶಪ್ಪ, “ಕಾಲು ಬ್ಯಾಡ್ರಿ, ಎಲಿ ಅಷ್ಟ ಸಾಕು” ಎಂದು ಮೇಡಂ ಕಡೆ ತಿರುಗಿ ಹಿಂದಿಯಲ್ಲಿ ಅವಸರದಿಂದ ಹೇಳಿದ. ಅನುಭವಸ್ಥ.

ಆಮೇಲೆ ಕಲ್ಲು ನೋಡಲು ಹಿತ್ತಲಿಗೆ ಹೋದೆವು. ಅದರ ಮೇಲೆ ಪುದೀನದ ಕುಂಡ ಕೂತಿತ್ತು. ಎರಡೂ ಮನೆಗೆ ಬಟ್ಟೆ ಒಗೆಯುವ ಮಷಿನ್ ಬಂದು ಐದಾರು ವರ್ಷವಾಗಿತ್ತು.

“ಶಿಕ್ಷಾ ಅಂದ್ರ,” ಎಂದ ಸೋಮಣ್ಣ, “ನಾಳೆ ನಮ್ಮಿಬ್ಬರ ಅಂಗಿ ಅಕ್ಕ ಒಗೀಬೇಕು. ಇದರ ಮ್ಯಾಲ.”

ಮರುದಿನ ಬೆಳಿಗ್ಗೆ ಕುಂಡ ಇಳಿಸಿ, ಕಲ್ಲಿನ ಪಾಚಿ ತಿಕ್ಕಿ, ಎರಡೂ ಅಂಗಿಗಳ ಕಾಲರಿಗೆ ಸಾಬೂನು ಹಚ್ಚಿದೆ.