ಹಾಲುಗಂಬದ ಗುಂಡಿಯೂ ಗೊಬ್ಬರದ ಗ್ಯಾಸೂ

ಸರ್ವೆ ಇಲಾಖೆಯಲ್ಲಿದ್ದುಕೊಂಡು ಊರೂರಿನ ಹೊಲ ಅಳೆದವನಿಗೆ ತನ್ನ ಮನೆಯಂಗಳದಲ್ಲಿ ಯಾವುದು ಎಲ್ಲಿದೆ ಎನ್ನುವುದಾದರೂ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಇಷ್ಟು ಕಾಲ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಈಗ ಪೆನ್ಶನ್ ಬರುತ್ತಿದೆ, ಮೆಮೊ ಕೊಡುವವರು ಯಾರೂ ಇಲ್ಲ. ನಿಮ್ಮ ಹತ್ತಿರ ಹೇಳಿಕೊಂಡರೆ ಬರುವ ನಷ್ಟವೇನೂ ಕಾಣುವುದಿಲ್ಲ.

ಮೊದಲಿಗೆ ನನ್ನದೊಂದು ಚಟ ಹೇಳಿಬಿಡುತ್ತೇನೆ. ಎಲ್ಲೇ ಆಗಲಿ, ಯಾರಾದರೂ ಗುಂಡಿ ತೋಡುತ್ತಿದ್ದರೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. ನೆಲಮಂಗಲದಲ್ಲಿ ಒಮ್ಮೆ ತಂತಿ ಕಂಬಕ್ಕೆ ಗುಂಡಿ ತೆಗೆಯುವುದನ್ನು ನೋಡುತ್ತ ನಿಂತು ತ್ಯಾಮಗೊಂಡ್ಲಿನ ಬಸ್ಸನ್ನೇ ತಪ್ಪಿಸಿಕೊಂಡಿದ್ದೇನೆ. ನಾನೊಬ್ಬನೇ ಅಲ್ಲ, ಸಂತೆ ಚೀಲ ಹಿಡಿದವರು, ಕೊಡೆ ಹಿಡಿದವರು ಎಂದು ಏಳೆಂಟು ಜನ ನಿಂತಿದ್ದೆವು. ಕೆಂಪುಮಣ್ಣು ಬಂತು, ಅದರಡಿ ಗರಸು ಬಂತು, ಒಂದು ಒಡೆದ ಮಡಕೆಯ ಚೂರು ಬಂತು. ಬೇರೇನೂ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆದರೂ ನಿಂತಿದ್ದೆವು. ನಾವು ದಿನವೂ ತುಳಿಯುವ ನೆಲ ಒಳಗೆ ಏನನ್ನು ಇಟ್ಟುಕೊಂಡಿದೆಯೋ ಎನ್ನುವ ಕುತೂಹಲ ಹುಟ್ಟುತ್ತಲೇ ಬಂದದ್ದಿರಬೇಕು. ನಿಂತು ನೋಡಿದವರಲ್ಲಿ ಒಬ್ಬರೂ ಸಲಹೆ ಕೊಡದೆ ಹೋಗಲಿಲ್ಲ ಎನ್ನುವುದನ್ನೂ ಹೇಳಬೇಕು.

ಎಪ್ಪತ್ತರ ದಶಕದ ನಡುವೆ ನಮ್ಮ ಮನೆಯ ನೆಲವೂ ಒಂದು ಹೊಸ ವಸ್ತುವನ್ನು ಒಳಗೆ ಇಟ್ಟುಕೊಂಡಿತು. ಗೊಬ್ಬರದ ಗ್ಯಾಸು ಬಂತು. ಒಲೆಯ ಹೊಗೆಗೆ ಅವ್ವನ ಕಣ್ಣು ಸದಾ ಕೆಂಪಗಿರುತ್ತಿತ್ತು. ಅದನ್ನು ನೋಡಲಾಗದೆ ನಾನೇ ಗ್ರಾಮಸೇವಕರನ್ನು ಕಂಡು ಅರ್ಜಿ ಹಾಕಿದ್ದೆ. ಅಂಗಳದ ಆಚೆ ಬದಿಗಿದ್ದ ಕೊಟ್ಟಿಗೆಯ ಪಕ್ಕ ಬಾವಿಯಂಥ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಅದರೊಳಗೆ ಕಬ್ಬಿಣದ ದೊಡ್ಡ ಡ್ರಮ್ಮೊಂದನ್ನು ಬೋರಲು ಹಾಕಿದರು. ಸಗಣಿಗೆ ನೀರು ಕದಡಿ ಹೊಯ್ದರೆ ಒಳಗೆ ಗ್ಯಾಸು ಹುಟ್ಟಿ ಡ್ರಮ್ಮು ಮೆಲ್ಲಗೆ ಮೇಲೇಳುತ್ತಿತ್ತು. ಅಡುಗೆ ಮಾಡಿದಂತೆಲ್ಲ ಮೆಲ್ಲಗೆ ಇಳಿಯುತ್ತಿತ್ತು. ಬೆಳಗಾದರೆ ಅದು ಎಷ್ಟು ಎದ್ದಿದೆ ಎಂದು ನೋಡಿಬರುವುದೇ ನನಗೊಂದು ಹಬ್ಬ. ಸಗಣಿಯಲ್ಲಿ ಬೇಯಿಸಿದ್ದನ್ನು ತಿನ್ನುತ್ತಾರೆ ಎಂದು ಬೀದಿಯವರು ಒಂದು ವಾರ ಮೂಗು ಮುರಿದರು. ಎರಡನೆಯ ವಾರ ಒಬ್ಬೊಬ್ಬರಾಗಿ ನೀಲಿ ಉರಿ ನೋಡುವ ನೆಪದಲ್ಲಿ ಬಂದು ಕಾಫಿ ಕುಡಿದು ಹೋದರು.

ಡ್ರಮ್ಮಿನಿಂದ ಅಡುಗೆಮನೆಗೆ ಗ್ಯಾಸು ಬರಬೇಕಲ್ಲ, ಅದಕ್ಕೆ ಅಂಗಳದ ಅಡಿಯಲ್ಲಿ ಒಂದು ಕಬ್ಬಿಣದ ಕೊಳವೆ ಹೂಳಿದರು. ಮಣ್ಣು ಮುಚ್ಚುವ ದಿನ ಗ್ರಾಮಸೇವಕರು ನನ್ನನ್ನು ಕರೆದು, "ಸ್ವಾಮಿ, ಇದು ಎಲ್ಲಿ ಹೋಗಿದೆ ಅಂತ ಬರೆದಿಟ್ಕೊಳ್ಳಿ. ಮುಂದೆ ಯಾರಾದ್ರೂ ಅಂಗಳ ಅಗೆಯೋದಾದ್ರೆ ಮೊದ್ಲು ವಾಲ್ವು ಮುಚ್ಚಿ. ಕೊಳವೆ ಹತ್ರ ಹಾರೆ ಹಾಕ್ಬೇಡಿ, ಕೈಯಲ್ಲೇ ಮಣ್ಣು ಬಿಡಿಸಿ. ಬೆಂಕಿ ಮಾತ್ರ ಹತ್ರ ತರ್ಬೇಡಿ," ಎಂದರು. ಜಾಗ ಗುರುತಿಡುವುದನ್ನು ಸರ್ವೆಯವನಿಗೆ ಹೇಳಿಕೊಡುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು. ಟೇಪು ಹಿಡಿದು ಅಳೆದೆ. ಒಳ್ಳೆಯ ಕಾಗದದಲ್ಲಿ, ಕೆಂಪು ಶಾಯಿಯಲ್ಲಿ ಕೊಳವೆಯನ್ನೂ ಕಪ್ಪು ಶಾಯಿಯಲ್ಲಿ ಉಳಿದದ್ದನ್ನೂ ಬರೆದು, ಉತ್ತರ ದಿಕ್ಕಿಗೊಂದು ಬಾಣ ಹಾಕಿ, ಕೆಳಗೆ ರುಜು ಮಾಡಿದೆ. ಇಲಾಖೆಯ ಎಷ್ಟೋ ನಕ್ಷೆಗಳಿಗೆ ನಾನು ಅಷ್ಟು ಮುತುವರ್ಜಿ ಮಾಡಿದ್ದಿಲ್ಲ. ನಕ್ಷೆಯನ್ನು ಟ್ರಂಕಿನ ತಳದಲ್ಲಿಟ್ಟೆ.

ಒಂದು ವರ್ಷ ಕಳೆದು ವೈಶಾಖದಲ್ಲಿ ತಂಗಿ ಜಯಮ್ಮನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಚಪ್ಪರಕ್ಕೆ ಮೊದಲ ಕಂಬ ಹಾಲುಗಂಬ. ಹೆಣ್ಣಿನ ಸೋದರಮಾವ ಅತ್ತಿಯಂಥ ಹಾಲು ಒಸರುವ ಮರದ ಕೊಂಬೆ ಕಡಿದು ತಂದು, ಅಂಗಳದ ಈಶಾನ್ಯ ಮೂಲೆಯಲ್ಲಿ ತಾನೇ ಗುಂಡಿ ತೋಡಿ ನೆಡಬೇಕು. ಆಮೇಲೆ ಉಳಿದ ಕಂಬಗಳು. ಅವ್ವನ ಅಣ್ಣ ಗಂಗಣ್ಣ ಮಾವ ಮಾಕಳಿದುರ್ಗದ ಕಡೆಯವರು. ಹೊಸ ಪಂಚೆ ಉಟ್ಟು, ಕೊಂಬೆಯನ್ನು ಹೆಗಲ ಮೇಲೆ ಹೊತ್ತು ಬೆಳಿಗ್ಗೆಯೇ ಬಂದಿಳಿದರು. ಮನೆ ತುಂಬ ನೆಂಟರು. ಅಂಗಳದ ಅಂಚಿನಲ್ಲಿ ಅಡುಗೆಯವರು ನೆಲ ಕೊರೆದು ಉದ್ದನೆಯ ಒಲೆ ಮಾಡಿ, ಸೌದೆ ಜೋಡಿಸಿ, ಬೆಂಕಿ ಹಚ್ಚುವುದಕ್ಕೆ ಹಾಲುಗಂಬ ಏಳುವುದನ್ನೇ ಕಾಯುತ್ತಿದ್ದರು.

ಮಾವ ಹಾರೆ ಎತ್ತಿದಾಗ ನನಗೆ ಕೊಳವೆಯ ನೆನಪಾಯಿತು. "ಮಾವ, ಒಂದ್ ನಿಮಿಷ. ಕೆಳಗೆ ಗ್ಯಾಸಿನ ಕೊಳವೆ ಇದೆ. ನಕ್ಷೆ ತರ್ತೀನಿ," ಎಂದು ಒಳಗೆ ಓಡಿದೆ. ನಕ್ಷೆ ತಂದು ಎಲ್ಲರೆದುರು ಬಿಚ್ಚಿದೆ. ಅಳತೆ, ಬಾಣ, ರುಜು, ಎಲ್ಲ ಸರಿಯಾಗಿತ್ತು. ಕೊಳವೆ ಅಂಗಳದಲ್ಲಿ ತಿರುಗುವ ಜಾಗವನ್ನು ಚೆನ್ನಾಗಿ ಬರೆದಿದ್ದೆ: ಹುಲ್ಲಿನ ಬಣವೆಯ ಪಡುವಣ ಅಂಚಿನಿಂದ ಆರು ಗಜ.

ಬಣವೆ ಇರಲಿಲ್ಲ. ಕೊಳವೆ ಹೂಳಿದ್ದು ಸುಗ್ಗಿ ಮುಗಿದ ಹೊಸದರಲ್ಲಿ. ಆಗ ಬಣವೆ ಗುಡ್ಡದಂತೆ ನಿಂತಿತ್ತು. ಅದಕ್ಕಿಂತ ಗಟ್ಟಿಯಾದ ಗುರುತು ಅಂಗಳದಲ್ಲಿ ಇಲ್ಲವೆಂದು ನನಗೆ ತೋರಿತ್ತು. ಅದನ್ನು ದನಗಳು ಒಂದು ವರ್ಷ ನಿಧಾನವಾಗಿ ತಿಂದು, ಸಗಣಿ ಮಾಡಿ, ಅದೇ ಸಗಣಿಯಿಂದ ಗ್ಯಾಸು ಎದ್ದು, ಅದೇ ಕೊಳವೆಯಲ್ಲಿ ಹಾದು ನಮಗೆ ಅನ್ನ ಬೇಯಿಸಿತ್ತು. ಹೊಸ ಬಣವೆಯನ್ನು ಹಿತ್ತಲಲ್ಲಿ ಒಟ್ಟಿದ್ದರು. ಹೊಲದ ಗಡಿಗೆ ನೆಟ್ಟ ಬಾಂದು ಕಲ್ಲು ಅಲುಗಿಸಿದವರನ್ನು ಗದರಿಸುತ್ತ ಓಡಾಡುವ ನಾನು ಬಾಂದನ್ನೇ ಹಸುವಿಗೆ ಹಾಕಿದ್ದೆ.

"ಏನ್ಲಾ ಅಳಿಯ, ಸರ್ಕಾರದ್ ನಕ್ಷೆ ಏನಂತದೆ?" ಎಂದರು ಮಾವ. ನಾನು ಬಾಯಿ ಬಿಡುವಷ್ಟರಲ್ಲಿ ನೆಂಟರಲ್ಲಿ ಒಬ್ಬರು, "ದನ ತಿಂದ್ಬಿಟ್ಟವಂತೆ," ಎಂದರು. ನಗು ಚಪ್ಪರವಿಲ್ಲದ ಅಂಗಳದ ತುಂಬ ಹರಡಿತು. ಆ ನಗುವಿನಲ್ಲಿ ವಾಲ್ವು ಮುಚ್ಚಬೇಕು ಎನ್ನುವ ಮಾತು ನನ್ನ ತಲೆಯಿಂದ ಜಾರಿಹೋಯಿತು. ಮಾವ ತಮ್ಮ ಅಂದಾಜಿನಲ್ಲಿ ಕೊಳವೆ ಅಷ್ಟು ದೂರ ಬರುವುದಿಲ್ಲವೆಂದು ತೀರ್ಮಾನಿಸಿ ಹಾರೆ ಹಾಕಿದರು. ಮೊಣಕೈ ಆಳವಾಗಿರಬಹುದು, ಠಣ್ ಎಂದಿತು.

ಮಾವ ಮಂಡಿಯೂರಿ ಮಣ್ಣು ಸರಿಸಿದರು. ಕೊಳವೆಗೆ ಕೊಳವೆ ಕೂಡುವ ಜಾಗದಲ್ಲೇ ಏಟು ಬಿದ್ದಿತ್ತು. ಒಡೆದಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಹಿಡಿಯೋಣವೆಂದರೆ ಪಕ್ಕದಲ್ಲೇ ಕೊಟ್ಟಿಗೆ. ಸಗಣಿಯ ವಾಸನೆಯಲ್ಲಿ ಸಗಣಿಯ ಗ್ಯಾಸನ್ನು ಗುರುತು ಹಿಡಿಯುವ ಮೂಗು ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ಮಾವ ತಲೆಯೆತ್ತದೆ ಹೇಳಿದರು: "ಒಂದ್ ದೀಪ ಹಚ್ಕೊಂಡು ಬನ್ರೋ. ಗುಂಡೀಲಿ ಗಾಳಿ ಕೆಟ್ಟದಾ ನೋಡಾನ."

ಇಲ್ಲಿ ಮಾವನ ಪರವಾಗಿ ನಾನು ಸ್ವಲ್ಪ ಮಾತಾಡಬೇಕು. ಅವರು ದಡ್ಡರಲ್ಲ. ನಮ್ಮ ಕಡೆ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ಎಂದರೆ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ನೆಲದಲ್ಲಿ ಕೊರೆದ ಕಣಜ. ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮುಚ್ಚಿದ ಜಾಗದಲ್ಲಿ ರಾಗಿಯೂ ನಮ್ಮಂತೆಯೇ ಉಸಿರಾಡುತ್ತದಂತೆ. ಒಳಗಿನ ಒಳ್ಳೆಯ ಗಾಳಿಯನ್ನೆಲ್ಲ ಮುಗಿಸಿಬಿಡುತ್ತದೆ. ಚಪ್ಪಡಿ ತೆಗೆದೊಡನೆ ಇಳಿದವನು ಹತ್ತಿ ಬರುವುದಿಲ್ಲ. ಅದಕ್ಕೇ ಹಿರಿಯರು ಬಾಯಿ ತೆರೆದು ಕಾದು, ಹಗ್ಗದಲ್ಲಿ ದೀಪ ಇಳಿಬಿಡುತ್ತಿದ್ದರು. ದೀಪ ಉರಿದರೆ ಇಳಿ, ಆರಿದರೆ ಇಳಿಯಬೇಡ. ಯಾವ ಇಲಾಖೆಯೂ ಹೇಳಿಕೊಡದ ಈ ನಿಯಮವನ್ನು ಯಾರು ಕಂಡುಹಿಡಿದರೋ, ಕಂಡುಹಿಡಿಯುವ ಮೊದಲು ಎಷ್ಟು ಜನ ಹೋದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮಾವನ ಮನೆಯಲ್ಲೇ ಒಬ್ಬರು ಹೋಗಿದ್ದರು. ಅವ್ವನಿಗೂ ಮಾವನಿಗೂ ಹಿರಿಯನಾದ ಅಣ್ಣ, ಬೀಗರು ಬಂದ ಒಂದು ದಿನ ಅವಸರಕ್ಕೆ ದೀಪ ಬಿಡದೆ ಹಗೇವಿಗೆ ಇಳಿದವನು ಹಾಗೇ ಉಳಿದ. ಅಂದಿನಿಂದ ಮಾವ ಯಾವ ಗುಂಡಿ ಕಂಡರೂ ಮೊದಲು ದೀಪ ಕೇಳುತ್ತಿದ್ದರು. ಬಾವಿ ಕೆಸರು ತೆಗೆಯುವಾಗ ಅವರ ದೀಪದಿಂದ ಇಬ್ಬರು ಬದುಕಿದ್ದೂ ಉಂಟು. ಆದ್ದರಿಂದಲೇ ಅವರ ಮಾತಿಗೆ ಅಂಗಳದಲ್ಲಿ ಯಾರೂ ಎದುರಾಡಲಿಲ್ಲ. ಹಗೇವಿನ ಗಾಳಿ ದೀಪವನ್ನು ನುಂಗುತ್ತದೆ, ಗ್ಯಾಸನ್ನು ದೀಪ ನುಂಗುತ್ತದೆ ಎನ್ನುವ ವ್ಯತ್ಯಾಸ ಅಲ್ಲಿದ್ದವರಲ್ಲಿ ಗೊತ್ತಿದ್ದವನು ನಾನೊಬ್ಬ. ನಕ್ಷೆಯ ವಿಷಯದಲ್ಲಿ ಆಗತಾನೇ ನಗೆಪಾಟಲಾದವನ ಮಾತನ್ನು ಯಾರು ಕೇಳುತ್ತಾರೆ ಎಂದು ಒಂದು ಗಳಿಗೆ ಹಿಂಜರಿದೆ. ಆ ಒಂದು ಗಳಿಗೆಯನ್ನು ನೆನೆದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಯಾರೋ ಹಚ್ಚಿದ ಲಾಟೀನು ಮಾವನ ಕೈಗೆ ಬಂದಿತ್ತು.

"ಮಾವಾ, ಬೇಡ!" ಎಂದು ನಾನು ಕೂಗುವುದಕ್ಕೂ ಅಡುಗೆಮನೆಯಿಂದ ಅವ್ವ ಹೊರಗೆ ಬರುವುದಕ್ಕೂ ಸರಿಹೋಯಿತು. ಅವಳು ನನ್ನ ಹಾಗೆ ಕೂಗಲಿಲ್ಲ. ನಡೆದು ಬಂದು ಅಣ್ಣನಿಗೂ ಗುಂಡಿಗೂ ನಡುವೆ ನಿಂತಳು.

"ಅಣ್ಣಯ್ಯ, ದೀಪ ಆಚೆಗೆ ಕೊಡು."

"ಗಾಳಿ ನೋಡ್ಬೇಕು ಕಣಮ್ಮಿ."

"ಇದು ಹಗೇವಿನ ಗಾಳಿ ಅಲ್ಲ. ನಾನು ದಿನಾ ಕಡ್ಡಿ ಗೀರಿ ಹಚ್ಚೋ ಗಾಳಿ. ದೊಡ್ಡಣ್ಣ ದೀಪ ಇಲ್ದೆ ಹೋದ. ನೀನು ದೀಪ ಇಟ್ಕೊಂಡು ಹೋಗ್ಬ್ಯಾಡ."

ಮಾವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರು ಲಾಟೀನನ್ನು ಹಿಂದಕ್ಕೆ ಚಾಚಿದರು. ಯಾರೋ ಅದನ್ನು ಬೀದಿಯವರೆಗೆ ಒಯ್ದು ಆರಿಸಿದರು. ಅವ್ವ ಅಡುಗೆಯವರ ಬೆಂಕಿಪೊಟ್ಟಣ ಇಸಿದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ನನ್ನನ್ನು ಓಡಿಸಿ ಡ್ರಮ್ಮಿನ ವಾಲ್ವು ಮುಚ್ಚಿಸಿದಳು. ಆಮೇಲೆ ಒಂದು ಬಟ್ಟಲಿನಲ್ಲಿ ಅಂಟುವಾಳದ ಕಾಯಿ ಕಿವುಚಿ ನೊರೆ ಎಬ್ಬಿಸಿ ತಂದು, ಏಟು ಬಿದ್ದ ಜಾಗಕ್ಕೆ ಮಗುವಿಗೆ ಎಣ್ಣೆ ಹಚ್ಚುವಂತೆ ಹಚ್ಚಿದಳು. "ಈಗ ಒಂಚೂರು ಗ್ಯಾಸು ಬಿಡು ಕಣ್ಲಾ," ಎಂದಳು. ಬಿಟ್ಟೆ. ಓಡಿಬಂದು ಬಗ್ಗಿ ನೋಡಿದೆ. ಮೊದಲು ಏನೂ ಇಲ್ಲ. ಆಮೇಲೆ ನೊರೆಯೊಳಗಿಂದ ಒಂದು ಗುಳ್ಳೆ ಎದ್ದಿತು. ಸಣ್ಣದು, ಬಟಾಣಿಯಷ್ಟು, ಆಮೇಲೆ ನಿಂಬೆಹಣ್ಣಿನಷ್ಟು. ಅದರ ಮೈಮೇಲೆ ಬಣ್ಣಗಳು ಓಡಾಡುತ್ತಿದ್ದವು. ನನ್ನ ಜನ್ಮದಲ್ಲಿ ನಾನು ನೋಡಿದ ಗುಂಡಿಗಳಲ್ಲೆಲ್ಲ ಅತ್ಯಂತ ಚೆಲುವಾದ ವಸ್ತು ಬಂದದ್ದು ಅದೊಂದರಲ್ಲಿ. ಟಪ್ಪೆಂದು ಒಡೆಯಿತು, ಹಿಂದೆಯೇ ಇನ್ನೊಂದು ಎದ್ದಿತು.

"ಮುಚ್ಚು ಕಣ್ಲಾ," ಎಂದಳು ಅವ್ವ.

ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು ಎಂದು ಆಮೇಲೆ ಕೇಳಿದೆ. ಗ್ರಾಮಸೇವಕರು ಒಲೆ ಕೂಡಿಸಿದ ದಿನವೇ ಹೇಳಿದ್ದರಂತೆ. ನಾನೂ ಅಲ್ಲೇ ಇದ್ದೆನಂತೆ. ನಕ್ಷೆಗೆ ಕೆಂಪು ಶಾಯಿ ತುಂಬುತ್ತಿದ್ದೆನಂತೆ.

ಹಾಲುಗಂಬಕ್ಕೆ ತೆಗೆದ ಗುಂಡಿಯನ್ನು ಬಿಡುವುದು ಅಪಶಕುನ ಎಂದು ಒಂದಿಬ್ಬರು ಗೊಣಗಿದರು. ಮಾವ ಅವರ ಕಡೆ ತಿರುಗಿಯೂ ನೋಡಲಿಲ್ಲ. ಕೊಳವೆ ಹೋದ ದಿಕ್ಕಿನಲ್ಲಿ ಬರಿಗೈಯಲ್ಲೇ ಮಣ್ಣು ಬಿಡಿಸಿ, ಅದರಿಂದ ನಾಲ್ಕು ಮಾರು ದೂರ ಹೋಗಿ, ಹೊಸ ಗುಂಡಿ ತೋಡಿ ಹಾಲುಗಂಬ ನೆಟ್ಟರು. ಈಶಾನ್ಯ ಸ್ವಲ್ಪ ಪೂರ್ವಕ್ಕೆ ಸರಿಯಿತು. ಜಯಮ್ಮ ಇವತ್ತಿಗೂ ಸುಖವಾಗಿದ್ದಾಳೆ. ಗುಂಡಿಗೆ ಚೆನ್ನಾಗಿ ಗಾಳಿಯಾಡಿದ ಮೇಲೆ ಅಡುಗೆಯವರು ತಮ್ಮ ಒಲೆಯನ್ನು ಹಿತ್ತಲಿಗೆ ಒಯ್ದು ಹಚ್ಚಿದರು. ಊಟ ಎರಡು ಗಂಟೆ ತಡವಾಯಿತು.

ಮರುದಿನ ಮದುವೆ. ಕೊಳವೆ ಇನ್ನೂ ರಿಪೇರಿಯಾಗಿರಲಿಲ್ಲ, ವಾಲ್ವು ಮುಚ್ಚಿಯೇ ಇತ್ತು. ಮಾವ ಒಂದು ಮಣೆ ತಂದು ಆ ಹಳೆಯ ಗುಂಡಿಯ ಪಕ್ಕ ಹಾಕಿಕೊಂಡು ಕೂತರು. ಬೀಡಿ ಹಿಡಿದು ಬಂದವರನ್ನು ಕೈಬೀಸಿ ಬೀದಿಗೆ ಅಟ್ಟಿದರು, ಬೀಗರನ್ನೂ ಬಿಡಲಿಲ್ಲ. ಸೋದರಮಾವನ ಶಾಸ್ತ್ರಕ್ಕೆ ಕರೆದಾಗ ಎದ್ದು, ನನ್ನನ್ನು ಮಣೆಯ ಮೇಲೆ ಕೂರಿಸಿ ಹೋದರು. ಹೆಣ್ಣನ್ನು ಹಸೆಗೆ ತಂದು ನಿಲ್ಲಿಸಿ ಮತ್ತೆ ಬಂದು ಕೂತರು. ಮಧ್ಯಾಹ್ನದ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ.

"ಮಾವ, ಗ್ಯಾಸು ನಿಂತಿದೆ. ಒಂದು ತೊಟ್ಟೂ ಬರಲ್ಲ. ವಾಲ್ವು ಮುಚ್ಚಿದ್ಮೇಲೆ ಅವ್ವನೇ ನಿನ್ನೆ ಮತ್ತೆ ನೊರೆ ಹಚ್ಚಿ ನೋಡಿದ್ಲು. ಯಾಕೆ ಕೂತಿದೀರಿ?"

"ಗೊತ್ತು ಕಣ್ಲಾ. ನಿಮ್ಮವ್ವನ ಮಾತು ನಂಬ್ತೀನಿ," ಎಂದರು. ಗುಂಡಿಯ ಕಡೆ ಕೈ ತೋರಿಸಿದರು. "ನಮ್ಮಣ್ಣ ಇಳ್ದಾಗ ಮ್ಯಾಲೆ ಯಾರೂ ಕುಂತಿರ್ನಿಲ್ಲ."

ನಾನು ಅಲ್ಲೇ ನಿಂತಿದ್ದೆ. ಅವರೇ ಹೇಳಿದರು: "ಸುಮ್ಕೆ ನಿಂತ್ಕಬ್ಯಾಡ. ಹೋಗು, ಎಲೆ ಇಲ್ಲಿಗೇ ತತ್ತಾ. ಪಾಯಸ ಜಾಸ್ತಿ ಹಾಕ್ಸು."

ನಾನು ಎರಡು ಎಲೆ ತಂದೆ.